ಚಂದದ ಚಕ್ರ, ಕೂಡದ ನಟ್ಟು



ಹೋದ ತಿಂಗಳು ಗೊಜ್ಜವಲಕ್ಕಿಯ ಬಗ್ಗೆ ಬರೆದವಳು ಈ ತಿಂಗಳು ಗಾಡಿಯ ಚಕ್ರ ಹಿಡಿದುಕೊಂಡು ಬಂದಳಲ್ಲ ಎಂದು ಹುಬ್ಬೇರಿಸಬೇಡಿ. ನಿಮ್ಮ ಮನೆಯಲ್ಲೂ ಗಾಡಿಯ ಹುಚ್ಚಿನ ಮಗನೋ ಅಳಿಯನೋ ಇದ್ದರೆ, ಓದಿದ ಮೇಲೆ ಈ ಪುಟವನ್ನು ಅವರ ಊಟದ ತಟ್ಟೆಯ ಪಕ್ಕದಲ್ಲಿಡಿ.

ನಮ್ಮ ದೊಡ್ಡ ಮಗ ಶಂಕರಪಲ್ಲಿಯ ಹತ್ತಿರ ತರಕಾರಿ ಬೆಳೆಯುತ್ತಾನೆ. ಅದಕ್ಕೆಂದೇ ಯಾರೋ ಬಳಸಿದ ಇಸುಜು ವಿ-ಕ್ರಾಸ್ ಪಿಕಪ್ ಕೊಂಡ. 2016ರಲ್ಲಿ ಆಂಧ್ರದ ಶ್ರೀಸಿಟಿಯ ಕಾರ್ಖಾನೆಯಿಂದ ಹೊರಬರತೊಡಗಿದ ಗಾಡಿ ಅದು. ಮುಂದೆ ಐದು ಜನ, ಹಿಂದಿನ ತೊಟ್ಟಿಯಲ್ಲಿ ಸಾಮಾನು. ಕೊಂಡ ದಿನದಿಂದ ಒಂದೇ ರಾಗ: "ಅಮ್ಮ, ಅಲಾಯ್ ವೀಲ್ ಬದಲಾಯಿಸಿದರೆ ಗಾಡಿ ಹೊಸದರ ಹಾಗೆ ಕಾಣುತ್ತೆ." ಯಜಮಾನರು, "ಟೊಮೇಟೊ ಬುಟ್ಟಿಗೆ ಚಕ್ರದ ಚಂದ ಯಾಕೋ?" ಎಂದು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಕರಗಿದೆ. ಚೀಟಿ ಹಣ ಬಂದಿತ್ತು. ಅವರಿಗೆ ತಿಳಿಯದ ಹಾಗೆ ಮಗನ ಕೈಗಿಟ್ಟೆ. ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಗರದ ಒಂದು ಅಂಗಡಿಯಲ್ಲಿ ಕೆಲಸ ಆಯಿತು. "ಆರು ಬೋಲ್ಟಿನ ಗಾಡಿ, ಆರು ಬೋಲ್ಟಿನ ಚಕ್ರ, ಇನ್ನೇನು ನೋಡಬೇಕು?" ಎಂದರಂತೆ ಅಂಗಡಿಯವರು. ಕಪ್ಪಗೆ ಮಿನುಗುವ ಚಕ್ರ ನೋಡಿ ನನಗೂ ಹಿಗ್ಗು. ಹಳೆಯ ನಾಲ್ಕು ಚಕ್ರ ಮೆಟ್ಟಿಲ ಕೆಳಗೆ ಬಂದು ಕೂತವು. ನನ್ನ ಉಪ್ಪಿನಕಾಯಿ ಜಾಡಿಗಳ ಜಾಗ ಹೋಯಿತೆಂದು ಗುಜರಿಯವನನ್ನು ಕರೆಯುವುದರಲ್ಲಿದ್ದೆ. ಕರೆಯಲಿಲ್ಲ, ದೇವರು ದೊಡ್ಡವನು.

ಹತ್ತು ದಿನದ ಮೇಲೆ ಬೀದರಿನಲ್ಲಿ ನಮ್ಮ ನಾದಿನಿಯ ಮನೆಯ ಗೃಹಪ್ರವೇಶ. ತೊಟ್ಟಿಯಲ್ಲಿ ಉಡುಗೊರೆಯ ಕಬ್ಬಿಣದ ಬೀರು; ಮುಂದೆ ಮಗ, ಯಜಮಾನರು; ಹಿಂದಿನ ಸೀಟಿನಲ್ಲಿ ನಾನು, ಸೊಸೆ, ಮೂರು ವರ್ಷದ ಮೊಮ್ಮಗಳು. ಸಂಗಾರೆಡ್ಡಿ ದಾಟುತ್ತಿದ್ದಂತೆ ಸೀಟಿನ ಕೆಳಗೆ ಸಣ್ಣ ನಡುಕ. ಮಗ, "ರಸ್ತೆ ಸರಿಯಿಲ್ಲ" ಎಂದ. ಸದಾಶಿವಪೇಟೆ ಹತ್ತಿರವಾದಾಗ 'ಟಕ್ ಟಕ್' ಶಬ್ದ. ಯಜಮಾನರು ಒಮ್ಮೆಲೇ, "ನಿಲ್ಲಿಸೋ!" ಎಂದು ಗದರಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರ ಗದರಿಕೆ ನನಗೆ ಅಷ್ಟು ಹಿತವಾಗಿ ಕೇಳಿಸಿದ್ದು ಅದೊಂದೇ ಸಲ.

ಪುಣ್ಯಕ್ಕೆ ಎದುರಿಗೇ ಪಂಕ್ಚರ್ ಅಂಗಡಿ. ಅಲ್ಲಿಯ ಬಿಳಿಗಡ್ಡದ ಚಾಚಾ ಎಡಗಡೆಯ ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತು ನಟ್ಟಿಗೆ ಬೆರಳು ಹಚ್ಚಿದರು. ಪಾನೆ ಬೇಕಾಗಲಿಲ್ಲ, ಆರರಲ್ಲಿ ಮೂರು ನಟ್ಟು ಬೆರಳಿಗೇ ತಿರುಗಿದವು! ಚಕ್ರದ ತೂತುಗಳು ತೇದು ಮೊಟ್ಟೆಯಾಕಾರವಾಗಿದ್ದವು. "ಆಗೆ ನಕ್ಕೋ ಜಾವ್ ಅಮ್ಮಾ," ಮುಂದೆ ಹೋಗಬೇಡಿ ಎಂದರು. ಮೊಮ್ಮಗಳನ್ನು ಅವಚಿಕೊಂಡು ನಾನು ಅಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟೆ. ಚಿಕ್ಕ ಮಗ ಸ್ನೇಹಿತನ ಗಾಡಿಯಲ್ಲಿ ಹಳೆಯ ಚಕ್ರಗಳನ್ನು ತಂದ ಮೇಲೆಯೇ ನಾವು ಹೊರಟದ್ದು. ಬೀದರು ಮುಟ್ಟುವಾಗ ಹಾಲು ಉಕ್ಕಿ, ಊಟವೂ ಮುಗಿದಿತ್ತು.

ಊರಿಗೆ ಬಂದವಳೇ ಗಾಡಿಯ ಜೊತೆ ಬಂದಿದ್ದ ಪುಸ್ತಕ ತೆಗೆದು ಕೂತೆ. ನನ್ನ ಇಂಗ್ಲಿಷ್ ಬಿ.ಎ. ಕೊನೆಗೂ ಮನೆಯವರ ಉಪಯೋಗಕ್ಕೆ ಬಂತು ನೋಡಿ! ಆಮೇಲೆ ತಿಳಿದ ನಾಲ್ಕು ಜನರನ್ನೂ ಕೇಳಿದೆ. ಬೋಲ್ಟಿನ ಎಣಿಕೆ ನೋಡಿದರೆ ಸಾಲದು. ಗಂಡು ಹೆಣ್ಣಿನ ಜಾತಕಕ್ಕಿಂತ ಹೆಚ್ಚು ಕೂಟ ಇಲ್ಲಿದೆ.

ಮೊದಲನೆಯದು ಬೋಲ್ಟುಗಳು ನಿಂತಿರುವ ವೃತ್ತದ ಅಳತೆ, ಪಿ.ಸಿ.ಡಿ. ವಿ-ಕ್ರಾಸ್‌ಗೂ ಟೊಯೋಟಾ ಹೈಲಕ್ಸ್‌ಗೂ ಅದು 139.7 ಮಿ.ಮೀ., ಹಳೆಯ ಲೆಕ್ಕದಲ್ಲಿ ಐದೂವರೆ ಇಂಚು. ಹಾಗೆಂದು ಒಂದರ ಚಕ್ರ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಚಕ್ರದ ನಡುವಿನ ರಂಧ್ರ ಗಾಡಿಯ ಹಬ್ಬಿನ ಮೇಲೆ ಬಿಗಿಯಾಗಿ ಕೂರಬೇಕು. ಒಂದರದು ಸುಮಾರು 100 ಮಿ.ಮೀ., ಇನ್ನೊಂದರದು 106. ಹಲವು ಗಾಡಿಗೆ ಒಂದೇ ಚಕ್ರ ಮಾರುವವರು ರಂಧ್ರವನ್ನು ದೊಡ್ಡದಾಗಿಯೇ ಕೊರೆದಿರುತ್ತಾರೆ. ಉಳಿದ ಸಂದಿಗೆ ಹಬ್ ರಿಂಗ್ ಎಂಬ ಬಳೆ ತೊಡಿಸಬೇಕು. ನಮ್ಮದಕ್ಕೆ ತೊಡಿಸಿರಲಿಲ್ಲ.

ಎರಡನೆಯದು ನಟ್ಟು. ಕೆಲವು ನಟ್ಟಿನ ಬುಡ ಶಂಕುವಿನಂತೆ, ಕೆಲವಕ್ಕೆ ಗುಂಡಗೆ, ಕೆಲವಕ್ಕೆ ಚಪ್ಪಟೆ ವಾಷರು. ಚಕ್ರದ ಕುಳಿಯೂ ಅದೇ ಆಕಾರದ್ದಿರಬೇಕು. ನಮ್ಮ ಅಂಗಡಿಯವರು ಹೊಸ ಚಕ್ರಕ್ಕೆ ಹಳೆಯ ನಟ್ಟನ್ನೇ ಹಾಕಿದ್ದರು. ಬಿಗಿದಾಗ ಬಿಗಿಯಾದ ಹಾಗೆ ಕಂಡರೂ ಅದು ಕೂತಿರಲಿಲ್ಲ. ಎಲ್ಲಾ ಸರಿಯಿದ್ದರೂ, ನಟ್ಟನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ, ಪುಸ್ತಕದಲ್ಲಿ ಹೇಳಿದಷ್ಟೇ ಬಲದಲ್ಲಿ, ಟಾರ್ಕ್ ಪಾನೆಯಿಂದ ಬಿಗಿಯಬೇಕು. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಲೇಬೇಕು. ನಾವು ನೋಡಲಿಲ್ಲ.

ಮೂರನೆಯದು ಭಾರ. ಪಿಕಪ್ ಎಂದರೆ ಹೊರೆ ಹೊರುವ ಗಾಡಿ. ಚಕ್ರದ ಮೇಲೆ ಅದು ತಾಳುವ ಭಾರವನ್ನು ಅಚ್ಚು ಹಾಕಿರುತ್ತಾರೆ. ಹಿಂದಿನ ಆಕ್ಸಲಿನ ಪೂರ್ತಿ ಭಾರದ ಅರ್ಧಕ್ಕಿಂತ ಅದು ಕಡಿಮೆಯಿರಬಾರದು. ಚಕ್ರ ಹೊರಗೆ ಚಾಚಿ ನಿಂತರೆ ನೋಡಲು ಗತ್ತು, ಆದರೆ ಬೇರಿಂಗಿಗೆ ಕುತ್ತು. ಇದನ್ನು ತಿಳಿಸುವ ಅಂಕಿಗೆ ಆಫ್‌ಸೆಟ್ ಎನ್ನುತ್ತಾರೆ. ಹಳೆಯ ಚಕ್ರದ್ದು ಎಷ್ಟೋ ಅದರ ಆಸುಪಾಸಿನಲ್ಲೇ ಇರಲಿ.

ಟೈರನ್ನೂ ದೊಡ್ಡದು ಮಾಡುವ ಆಸೆಯೇ? 245/70 ಆರ್16 ತೆಗೆದು 265/70 ಆರ್16 ಹಾಕಿದರೆ ಎತ್ತರ ಸುಮಾರು 28 ಮಿ.ಮೀ. ಹೆಚ್ಚುತ್ತದೆ. ಮೊದಲು ಮೀಟರು 80 ತೋರಿಸುತ್ತಿದ್ದ ಕಡೆ ಈಗಲೂ 80 ತೋರಿಸುತ್ತದೆ, ಗಾಡಿ ಮಾತ್ರ 83ರಲ್ಲಿ ಓಡುತ್ತಿರುತ್ತದೆ.

ಕಾನೂನನ್ನೂ ಮರೆಯಬೇಡಿ. ತಯಾರಕರು ಹೇಳಿದ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆಯೂ ಆಗಬಹುದು. ಕಂಪನಿ ಒಪ್ಪಿದ ಅಳತೆಯೊಳಗೇ ಇರಿ. ಹೊಸದೇನು ಹಾಕಿಸಿದರೂ ವಿಮೆಯವರಿಗೆ ಬರೆದು ತಿಳಿಸಿ.

ಈಗ ನಮ್ಮ ಪಿಕಪ್ಪು ಹಳೆಯ ಚಕ್ರದಲ್ಲೇ ಟೊಮೇಟೊ ಹೊರುತ್ತಿದೆ. ತೂತು ತೇದ ಚಕ್ರ ಗುಜರಿಗೆ ಹೋಯಿತು. ಉಳಿದ ಮೂರು ಮೆಟ್ಟಿಲ ಕೆಳಗಿವೆ. ಜಾಡಿಗಳು ಅಡಿಗೆಮನೆಯ ಮೂಲೆಯಲ್ಲೇ ಹೊಂದಿಕೊಂಡಿವೆ. ಮಗ ತಿಂಗಳಿಗೊಮ್ಮೆ ತಾನಾಗಿಯೇ ಪಾನೆ ಹಿಡಿದು ನಟ್ಟು ನೋಡುತ್ತಾನೆ, ಮೊಮ್ಮಗಳು ಪಕ್ಕದಲ್ಲಿ ಕೂತು ಒಂದರಿಂದ ಆರರವರೆಗೆ ಎಣಿಸುತ್ತಾಳೆ.

ಚೀಟಿ ಹಣದ ಸಂಗತಿ ಯಜಮಾನರಿಗೆ ಇನ್ನೂ ಹೇಳಿಲ್ಲ. ಅವರು ನನ್ನ ಅಂಕಣ ಓದುತ್ತಾರೋ ಇಲ್ಲವೋ, ಈ ಸಲ ಗೊತ್ತಾಗಿಬಿಡುತ್ತದೆ.