ಬೀಗ ಪುಕ್ಕಟೆ, ಕಾವಲು ಪುಕ್ಕಟೆಯಲ್ಲ

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದ ಜನಸಾಮಾನ್ಯರಿಗೆ ಇಂಟರ್‌ನೆಟ್ಟಿನ ಬಾಗಿಲು ತೆರೆಯಿತು. ಮುಂಬಯಿಯ ಮನೆಗಳಲ್ಲಿ ಮೋಡೆಮ್ ಕಿರುಗುಟ್ಟುವುದನ್ನು ಕೇಳುತ್ತ, ಕಪ್ಪು ಪರದೆಯ ಮೇಲೆ ಬರೀ ಅಕ್ಷರಗಳಲ್ಲಿ ಮೇಲ್ ಓದಿದ ವಿದ್ಯಾರ್ಥಿಗಳಿಗೆ ಈಗ ಐವತ್ತರ ಆಸುಪಾಸು. ಅವರು ಮಾಡುತ್ತಿದ್ದುದು, ದೂರದಲ್ಲಿದ್ದ ನಿಗಮದ ಯಂತ್ರವೊಂದರೊಳಗೆ ಪಾಸ್‌ವರ್ಡ್ ಕೊಟ್ಟು ಹೊಕ್ಕು ಕೆಲಸ ಮಾಡುವುದನ್ನು.

ಅದೇ ವರ್ಷದ ಜುಲೈಯಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ತಾತು ಯೂಲೊನೆನ್ ಎಂಬ ಸಂಶೋಧಕರು ಎಸ್‌ಎಸ್‌ಎಚ್ ಎಂಬ ತಂತ್ರಾಂಶವನ್ನು ಉಚಿತವಾಗಿ, ಸೋರ್ಸ್ ಕೋಡ್ ಸಮೇತ ಹೊರಬಿಟ್ಟಿದ್ದರು. ಅವರ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೊಂಚು ಹಾಕಿ ಪಾಸ್‌ವರ್ಡುಗಳನ್ನು ದೋಚಿದ್ದೇ ಇದಕ್ಕೆ ಕಾರಣ. ಅದುವರೆಗೆ ಎಲ್ಲರೂ ಬಳಸುತ್ತಿದ್ದ ಟೆಲ್‌ನೆಟ್ ಪಾಸ್‌ವರ್ಡನ್ನು ಅಂಚೆ ಕಾರ್ಡಿನ ಮೇಲೆ ಬರೆದಂತೆ ಕಳಿಸುತ್ತಿತ್ತು. ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಎಸ್‌ಎಸ್‌ಎಚ್ ಅದನ್ನು ಮುದ್ರೆಯೊತ್ತಿದ ಲಕೋಟೆಗೆ ಹಾಕಿತು. ಮುಂದೆ ಅದರ ಲೈಸೆನ್ಸ್ ಬಿಗಿಯಾದಾಗ, ಹಳೆಯ ಮುಕ್ತ ಆವೃತ್ತಿಯನ್ನೇ ಹಿಡಿದು ಓಪನ್‌ಬಿಎಸ್‌ಡಿ ಬಳಗ 1999ರಲ್ಲಿ ಓಪನ್‌ಎಸ್‌ಎಸ್‌ಎಚ್ ಕಟ್ಟಿತು. ಸೋರ್ಸ್ ಕೋಡ್ ಕೈಯಲ್ಲಿ ಇರದಿದ್ದರೆ ಇದು ಆಗುತ್ತಿರಲಿಲ್ಲ.

ಇಂದು ಐರೋಲಿ, ಮಹಾಪೆಗಳ ಡೇಟಾ ಸೆಂಟರುಗಳಲ್ಲಿ ಸಾಲುಸಾಲಾಗಿ ನಿಂತ ಸರ್ವರುಗಳ ಬಳಿಗೆ ಹೋಗಿ ಕೆಲಸ ಮಾಡುವವರು ವಿರಳ. ಅಂಧೇರಿಯ ಆಫೀಸಿನಿಂದ, ಡೊಂಬಿವಲಿಯ ಮನೆಯಿಂದ ಎಂಜಿನಿಯರುಗಳು ದೂರದಿಂದಲೇ ಒಳಹೊಕ್ಕು ಕೆಲಸ ಮುಗಿಸುತ್ತಾರೆ. ಆ ಬಾಗಿಲಿನ ಬೀಗ ಹೆಚ್ಚಿನಂಶ ಓಪನ್‌ಎಸ್‌ಎಸ್‌ಎಚ್. ಬೆಲೆ ಸೊನ್ನೆ.

ಇದೇ ಉಪನಗರಗಳಲ್ಲಿ ಇನ್ನೊಂದು ಬಗೆಯ ದೂರಪ್ರವೇಶವೂ ನಡೆಯುತ್ತಿದೆ. ನಿವೃತ್ತರೊಬ್ಬರಿಗೆ ಬ್ಯಾಂಕಿನವರೆಂದು ಹೇಳಿಕೊಂಡು ಕರೆ ಬರುತ್ತದೆ. ‘ಅಂಕಲ್, ಕೆವೈಸಿ ಮುಗಿದಿದೆ, ಒಂದು ಆಪ್ ಹಾಕಿಕೊಳ್ಳಿ, ಫ್ರೀ ಇದೆ, ಬಂದ ನಂಬರ್ ಓದಿ ಹೇಳಿ’ ಎನ್ನುತ್ತದೆ ಆ ಕಡೆಯ ವಿನಯದ ದನಿ. ಅವರು ಓದಿ ಹೇಳುತ್ತಾರೆ. ಫೋನಿನ ಪರದೆ ಕಳ್ಳನ ಕಣ್ಣಮುಂದೆ ತೆರೆದುಕೊಳ್ಳುತ್ತದೆ. 2019ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕು ಎನಿಡೆಸ್ಕ್ ಆಪನ್ನು ಹೀಗೆ ದುರ್ಬಳಕೆ ಮಾಡಿ ಯುಪಿಐ ಮೂಲಕ ಹಣ ಎಗರಿಸುತ್ತಿದ್ದಾರೆಂದು ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆಪ್ ಕಳ್ಳನದಲ್ಲ, ಎಷ್ಟೋ ಕಚೇರಿಗಳು ದಿನವೂ ಬಳಸುವ ಸಲಕರಣೆ. ಅದನ್ನು ಹಾಕಿಕೊಳ್ಳಲು ಹೇಳಿದವನು ಕಳ್ಳ.

ಇದನ್ನು ಕಂಡು ಕೆಲವರು ‘ಪುಕ್ಕಟೆ ಸಿಕ್ಕಿದ್ದನ್ನು ಡೌನ್‌ಲೋಡ್ ಮಾಡಲೇಬಾರದು’ ಎನ್ನುತ್ತಾರೆ. ಮಾತು ಹಿತವಾಗಿದೆ, ಆದರೆ ಸರಿಯಲ್ಲ. ಬೆಲೆಗೂ ಭದ್ರತೆಗೂ ನೇರ ನಂಟಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ: ಇದು ಯಾರ ಕೈಯಿಂದ ಬಂತು? ಕೀಲಿ ಯಾರ ಬಳಿ ಇದೆ? ಒಳಗೇನಿದೆ ಎಂದು ಬಲ್ಲವರು ಬಿಚ್ಚಿ ನೋಡಬಹುದೇ?

ಮೊದಲ ಪ್ರಶ್ನೆಯಲ್ಲಿ ಪಳಗಿದವರೂ ಎಡವಿದ್ದಾರೆ. ವಿಂಡೋಸ್ ಬಳಕೆದಾರರಿಗಾಗಿ ಸೈಮನ್ ಟ್ಯಾಥಮ್ ಬರೆದ ಪುಟ್ಟಿ ಎಂಬ ಚಿಕ್ಕ ತಂತ್ರಾಂಶ ಉಚಿತ, ಮುಕ್ತ. ಸೋರ್ಸ್ ಕೋಡ್ ಯಾರಿಗೂ ಸಿಗುವುದರಿಂದ ಅದನ್ನೇ ತಿದ್ದಿ, ಪಾಸ್‌ವರ್ಡ್ ಕದಿಯುವ ನಕಲಿ ಪುಟ್ಟಿ ಮಾಡಿ ಹರಡಿದ್ದು 2015ರಲ್ಲಿ ಬಯಲಾಯಿತು. ಹುಡುಕಾಟದಲ್ಲಿ ಮೊದಲು ಕಂಡ ಕೊಂಡಿಯನ್ನು ಒತ್ತುವ ಅವಸರವೇ ನಕಲಿಯವರ ಬಂಡವಾಳ. ಮೂಲ ತಾಣದಿಂದಲೇ ಇಳಿಸಿಕೊಂಡು, ಜೊತೆಗಿರುವ ಡಿಜಿಟಲ್ ಸಹಿಯನ್ನು ತಾಳೆ ನೋಡಲು ಬೇಕಾಗುವುದು ಕೆಲವೇ ನಿಮಿಷ.

ಮೂರನೆಯ ಪ್ರಶ್ನೆಗೆ ಉತ್ತರ ಸಲೀಸಲ್ಲ. ಸೋರ್ಸ್ ಕೋಡ್ ಎಲ್ಲರ ಮುಂದಿದೆ ನಿಜ, ಓದುವವರು ಯಾರು? 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದರು. ಸಿಕ್ಕಿದ್ದು, ಎಕ್ಸ್‌ಝಡ್ ಎಂಬ ಬೇರೊಂದು ಮುಕ್ತ ತಂತ್ರಾಂಶದಲ್ಲಿ ಅಡಗಿಸಿದ್ದ ಕಳ್ಳಬಾಗಿಲು. ಜಿಯಾ ಟಾನ್ ಎಂಬ ಹೆಸರಿನ ಮುಸುಕಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯ ಮಾಡುತ್ತ ವಿಶ್ವಾಸ ಗಳಿಸಿ ಅದನ್ನು ಇಟ್ಟದ್ದಾಗಿತ್ತು. ಆ ಕಳ್ಳಬಾಗಿಲನ್ನು ಜೋಡಿಸುವ ಸಾಲುಗಳು ಎಲ್ಲರೂ ನೋಡುವ ಕೋಡಿನ ಕಣಜದಲ್ಲಿ ಇರಲಿಲ್ಲ, ಡೌನ್‌ಲೋಡಿಗೆಂದು ಕಟ್ಟಿಟ್ಟ ಗಂಟಿನಲ್ಲಿ ಮಾತ್ರ ಇದ್ದವು. ಆ ತಂತ್ರಾಂಶವನ್ನು ವರ್ಷಗಟ್ಟಲೆ ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ನೋಡಿಕೊಂಡು ಬಂದವರು ಬಹುಮಟ್ಟಿಗೆ ಒಬ್ಬರೇ.

ಮುಕ್ತ ಕೋಡಿನ ಸೋಲೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಕೋಡು ಮುಚ್ಚಿದ್ದರೆ ಫ್ರಾಯಿಂಡ್ ತಮ್ಮ ಅನುಮಾನವನ್ನು ಅಷ್ಟು ಬೇಗ ಸಾಬೀತು ಮಾಡಲಾಗುತ್ತಿರಲಿಲ್ಲ. ಸೋತದ್ದು ಕಾವಲಿನ ಏರ್ಪಾಡು. ಕೋಟಿಗಟ್ಟಲೆ ವಹಿವಾಟಿನ ಬಾಗಿಲಿಗೆ ಪುಕ್ಕಟೆ ಬೀಗ ಹಾಕಿಕೊಂಡವರು, ಅದನ್ನು ಕಾಯುವವನ ಊಟದ ಲೆಕ್ಕ ಯಾರದು ಎಂದು ಕೇಳಲಿಲ್ಲ.

ಆ ಲೆಕ್ಕ ಮುಂಬಯಿಯದೂ ಹೌದು. ಲೋವರ್ ಪರೇಲಿನಿಂದ ಬಾಂದ್ರಾ-ಕುರ್ಲಾದವರೆಗಿನ ಕಂಪನಿಗಳು, ಬ್ಯಾಂಕುಗಳು ಮುಕ್ತ ತಂತ್ರಾಂಶವನ್ನು ಇಳಿಸಿಕೊಳ್ಳುವುದರ ಜೊತೆಗೆ ಅದನ್ನು ಓದುವ, ಪರೀಕ್ಷಿಸುವ, ತಪ್ಪು ಕಂಡರೆ ತಿದ್ದಿ ಹಿಂದಿರುಗಿಸುವ ಜನರಿಗೆ ಸಂಬಳ ಕೊಡಬೇಕು. ಓಪನ್‌ಎಸ್‌ಎಸ್‌ಎಚ್‌ಗೆ ನೆರವಾಗುವ ಓಪನ್‌ಬಿಎಸ್‌ಡಿ ಫೌಂಡೇಶನ್ ದೇಣಿಗೆಯಿಂದಲೇ ನಡೆಯುತ್ತದೆ. ವಾರ್ಷಿಕ ಖರ್ಚಿನಲ್ಲಿ ಅದಕ್ಕೊಂದು ಸಾಲು ಸೇರಿಸಿದರೆ ಯಾವ ಕಂಪನಿಯೂ ಬಡವಾಗದು.

ಉಪನಗರದ ಹಿರಿಯರ ಪಾಲಿನ ಕೆಲಸ ಬೇರೆಯವರದು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿಶಾಲೆ ನಡೆಸಿ ಅಕ್ಷರ ಕಲಿಸಿದ ಪರಂಪರೆ ಮುಂಬಯಿ ಕನ್ನಡಿಗರದು. ಪೊವಾಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶದ ಪಾಠಗಳನ್ನು ಕನ್ನಡದಲ್ಲೂ ಕೊಡುತ್ತಿದೆ. ಕನ್ನಡ ಸಂಘಗಳು ಒಂದು ಭಾನುವಾರ ಯಕ್ಷಗಾನಕ್ಕೆ ಮೊದಲು ಅರ್ಧ ಗಂಟೆ ಬಿಡುವು ಮಾಡಿ, ಫೋನಿಗೆ ಆಪ್ ಹಾಕಿಕೊಳ್ಳುವುದು ಹೇಗೆ, ಯಾರು ಕೇಳಿದರೂ ಯಾವ ನಂಬರನ್ನು ಓದಿ ಹೇಳಬಾರದು ಎಂದು ತೋರಿಸಿಕೊಡಲಿ. ಕೈಯಲ್ಲಿ ಫೋನು ಹಿಡಿಸಿ, ಅವರಿಂದಲೇ ಒತ್ತಿಸಿ ಕಲಿಸಬೇಕಾದ ಪಾಠವಿದು. ವಾಟ್ಸಾಪಿನಲ್ಲಿ ಎಚ್ಚರಿಕೆ ಫಾರ್ವರ್ಡ್ ಮಾಡಿದರೆ ಸಾಲದು.