ಅವನೇ ಇವನು

ತರ್ಕಶಾಸ್ತ್ರಕ್ಕೆ ಕೈಹಾಕಿದ ವಿದ್ಯಾರ್ಥಿಗೆ ಮೊದಮೊದಲೇ ಪರಿಚಯವಾಗುವ ಒಬ್ಬ ಮನುಷ್ಯನುಂಟು. ಅವನ ಹೆಸರು ದೇವದತ್ತ. ಒಮ್ಮೆ ಒಂದೂರಿನಲ್ಲಿ ಕಂಡ ದೇವದತ್ತನನ್ನು ಬಹುಕಾಲದ ತರುವಾಯ ಬೇರೊಂದೂರಿನಲ್ಲಿ ಕಂಡು ‘ಅವನೇ ಇವನು’ ಎಂದು ಗುರುತಿಸುವೆವಷ್ಟೆ. ಆ ಅರಿವಿಗೆ ಪ್ರತ್ಯಭಿಜ್ಞೆ ಎಂದು ಹೆಸರು. ಆಗಿನ ಕೂದಲು ಕಪ್ಪು, ಈಗಿನದು ಬಿಳಿ. ಆಗ ಮೈ ತುಂಬಿತ್ತು, ಈಗ ಬಡಕಲು. ಆದರೂ ಅವನೇ ಇವನು ಹೇಗೆ? ಪಾಠಶಾಲೆಯಲ್ಲಿ ಈ ದೇವದತ್ತನ ಸಹವಾಸದಿಂದ ನಾನು ಸಾಕಷ್ಟು ಬೇಸತ್ತವನು. ಮೊನ್ನೆ ಮಗಳ ಮಗನು ಕೇಳಿದ ಪ್ರಶ್ನೆಯೊಂದು ಅವನನ್ನು ಮತ್ತೆ ಜಗಲಿಗೆ ಕರೆತಂದು ಕೂರಿಸಿತು.

ಹುಡುಗನಿಗೆ ಕಾಲ್ಚೆಂಡಿನ ಹುಚ್ಚು. ಇಂಗ್ಲೆಂಡಿನ ತಂಡಗಳ ವಂಶಾವಳಿಯು ಅವನ ನಾಲಗೆಯ ತುದಿಯಲ್ಲಿರುವಷ್ಟು ಸಲೀಸಾಗಿ ಶಬ್ದರೂಪಗಳು ಇಲ್ಲವೆಂಬುದು ನನ್ನ ನಿತ್ಯದ ಕೊರಗು, ಅದಿರಲಿ. ಅವನು ಕೇಳಿದುದಿಷ್ಟು: “ತಾತ, ವಿಂಬಲ್ಡನ್ ತಂಡ 1988ರಲ್ಲಿ ಕಪ್ಪು ಗೆದ್ದಿತು ಎಂದಿದೆ. ಇವರ ಸಂಘ ಹುಟ್ಟಿದ್ದು 2002ರಲ್ಲಿ ಎಂದೂ ಇದೆ. ಹುಟ್ಟುವುದಕ್ಕೆ ಹದಿನಾಲ್ಕು ವರ್ಷ ಮುಂಚೆ ಗೆಲ್ಲುವುದು ಹೇಗೆ?” ನಾನು ಆ ತನಕ ವಿಂಬಲ್ಡನ್ನೆಂದರೆ ಟೆನ್ನಿಸ್ ಆಟದ ಹುಲ್ಲಂಗಳವೆಂದು ಮಾತ್ರ ತಿಳಿದಿದ್ದವನು. ವಾಚಕರಲ್ಲಿಯೂ ಹಲವರು ಹಾಗೆಯೇ ಇರಬಹುದು. ಹುಡುಗನಿಗೆ ಉತ್ತರ ಹೇಳುವುದಕ್ಕಾಗಿ ಓದಿಕೊಂಡುದನ್ನೇ ಈ ತಿಂಗಳು ತಮ್ಮ ಮುಂದಿಡುತ್ತೇನೆ.

ವಿಂಬಲ್ಡನ್ ಎಂಬುದು ಲಂಡನ್ ಮಹಾನಗರದ ನೈರುತ್ಯ ದಿಕ್ಕಿನ ಒಂದು ಭಾಗ. ಅಲ್ಲಿಯ ಸೆಂಟ್ರಲ್ ಶಾಲೆಯ ಹಳೆಯ ವಿದ್ಯಾರ್ಥಿಗಳು 1889ರಲ್ಲಿ ಕೂಡಿಕೊಂಡು ‘ವಿಂಬಲ್ಡನ್ ಓಲ್ಡ್ ಸೆಂಟ್ರಲ್ಸ್’ ಎಂಬ ಸಂಘವನ್ನು ಕಟ್ಟಿದರು. ಊರ ಗೋಮಾಳದಂತಿರುವ ವಿಂಬಲ್ಡನ್ ಕಾಮನ್ ಎಂಬ ವಿಶಾಲವಾದ ಬಯಲೇ ಅವರ ಅಂಗಳ. ಅದರ ಮಗ್ಗುಲಿನ ಒಂದು ಪಾನಗೃಹವೇ ಅವರು ಉಡುಪು ಬದಲಿಸುವ ಕೋಣೆ. 1905ರಲ್ಲಿ ಸಂಘವು ಊರಿನ ಹೆಸರನ್ನೇ ತನ್ನ ಹೆಸರಾಗಿ ಮಾಡಿಕೊಂಡಿತು. 1912ರಲ್ಲಿ ಪ್ಲೌ ಲೇನ್ ಎಂಬ ಬೀದಿಯಲ್ಲಿ ಸ್ವಂತ ಅಂಗಳಕ್ಕೆ ಬಂದು ನೆಲಸಿತು. ಪ್ಲೌ ಎಂದರೆ ನೇಗಿಲು. ನೇಗಿಲ ಬೀದಿ ಎನ್ನೋಣ.

ಬಹುಕಾಲ ಇದು ಹಣಕ್ಕಾಗಿ ಆಡದ ಹವ್ಯಾಸಿಗಳ ಸಂಘವಾಗಿದ್ದಿತು. 1963ರಲ್ಲಿ ಹವ್ಯಾಸಿಗಳ ಕಪ್ಪನ್ನು ಗೆದ್ದುಕೊಂಡಿತು. ಆ ಪಂದ್ಯದಲ್ಲಿ ಎಡ್ಡಿ ರೆನಾಲ್ಡ್ಸ್ ಎಂಬಾತನು ನಾಲ್ಕು ಗೋಲುಗಳನ್ನು ನಾಲ್ಕನ್ನೂ ತಲೆಯಿಂದಲೇ ಹೊಡೆದನಂತೆ. ಆಟಕ್ಕೆ ಕಾಲ್ಚೆಂಡೆಂದು ಹೆಸರಿಟ್ಟವರು ಇದಕ್ಕೇನೆನ್ನುವರೋ! ಮರುವರ್ಷ ಸಂಘವು ವೃತ್ತಿಪರವಾಯಿತು. 1977ರಲ್ಲಿ ದೇಶದ ವೃತ್ತಿಪರ ತಂಡಗಳ ಮುಖ್ಯ ಒಕ್ಕೂಟವಾದ ಫುಟ್‌ಬಾಲ್ ಲೀಗಿಗೆ ಚುನಾಯಿತವಾಗಿ, ಅದರ ನಾಲ್ಕನೆಯ ದರ್ಜೆಯಿಂದ ಮೊದಲನೆಯ ದರ್ಜೆಗೆ ಒಂಬತ್ತೇ ವರ್ಷಗಳಲ್ಲಿ ಏರಿತು. ಒರಟು ಆಟ, ಉದ್ದುದ್ದ ಒದೆತ, ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬರ ಮೇಲೊಬ್ಬರು ಮಾಡುವ ಕುಚೇಷ್ಟೆ, ಇವುಗಳಿಂದ ಆ ಆಟಗಾರರಿಗೆ ‘ಹುಚ್ಚರ ಗುಂಪು’ ಎಂಬ ಬಿರುದು ಬಂದಿತ್ತು. 1988ನೆಯ ಮೇ 14ರಂದು, ಆ ವರ್ಷದ ಲೀಗ್ ವಿಜೇತರಾಗಿದ್ದ ಲಿವರ್‌ಪೂಲಿನವರನ್ನು ಈ ಹುಚ್ಚರು ವೆಂಬ್ಲಿಯ ಮಹಾಕ್ರೀಡಾಂಗಣದಲ್ಲಿ ತೊಂಬತ್ತೆಂಟು ಸಾವಿರ ಜನರ ಕಣ್ಣೆದುರಿಗೆ ಒಂದು ಗೋಲಿನಿಂದ ಸೋಲಿಸಿ, ಇಂಗ್ಲೆಂಡಿನ ಅತಿ ಪ್ರಾಚೀನವಾದ ಎಫ್. ಎ. ಕಪ್ಪನ್ನು ಎತ್ತಿಕೊಂಡುಹೋದರು. ಗೋಲು ಲಾರಿ ಸ್ಯಾಂಚೆಜ್‌ನದು. ಲಿವರ್‌ಪೂಲಿಗೆ ದೊರೆತ ಪೆನಾಲ್ಟಿಯನ್ನು ನಾಯಕನೂ ಗೋಲ್‌ಕೀಪರನೂ ಆದ ಡೇವ್ ಬೀಸಂಟ್ ತಡೆದನು. ವೆಂಬ್ಲಿಯಲ್ಲಿ ನಡೆದ ಆ ಕಪ್ಪಿನ ಅಂತಿಮ ಪಂದ್ಯಗಳಲ್ಲಿ ಪೆನಾಲ್ಟಿಯೊಂದನ್ನು ತಡೆದುದು ಅದೇ ಮೊದಲು.

ಅಲ್ಲಿಂದ ಮುಂದೆ ಕಥೆಯು ಇಳಿಮುಖವಾಗುವುದು. 1989ರಲ್ಲಿ ಷೆಫೀಲ್ಡಿನ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ ಪ್ರೇಕ್ಷಕರು ಸಿಕ್ಕಿ ಸತ್ತರು. ಒಟ್ಟು 97 ಜೀವಗಳು ಹೋದುವು. ವಿಚಾರಣೆಯ ತರುವಾಯ, ಮೇಲ್ದರ್ಜೆಯ ಅಂಗಳಗಳಲ್ಲೆಲ್ಲ ಪ್ರತಿಯೊಬ್ಬ ಪ್ರೇಕ್ಷಕನಿಗೂ ಆಸನವಿರಬೇಕೆಂದು ಗೊತ್ತಾಯಿತು. ಹಳೆಯ ನೇಗಿಲ ಬೀದಿಯ ಅಂಗಳಕ್ಕೆ ಆ ಯೋಗ್ಯತೆ ಬರಲಾರದೆಂದು ಸಂಘದ ಒಡೆಯರು ನಿರ್ಣಯಿಸಿ, 1991ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎಂಬ ನೆರೆಯ ಸಂಘದ ಅಂಗಳಕ್ಕೆ ಬಿಡಾರ ಸಾಗಿಸಿದರು. ನಾಲ್ಕು ದಿನದ ಮಟ್ಟಿಗೆಂದು ಹೋದವರು ಹನ್ನೆರಡು ವರ್ಷ ಪರರ ಮನೆಯಲ್ಲಿ ಉಳಿದರು. ಈ ನಡುವೆ ಸಂಘವು ಕೈಯಿಂದ ಕೈಗೆ ಮಾರಾಟವಾಯಿತು. ನೇಗಿಲ ಬೀದಿಯ ನೆಲವೂ ಮಾರಿಹೋಯಿತು. ಐರ್ಲೆಂಡಿನ ಡಬ್ಲಿನ್ ನಗರಕ್ಕೇ ತಂಡವನ್ನು ಒಯ್ಯುವ ಮಾತೂ ನಡೆದಿತ್ತು. 2000ದ ಮೇ 14ರಂದು, ಎಂದರೆ ಕಪ್ಪು ಗೆದ್ದ ದಿನಕ್ಕೆ ಸರಿಯಾಗಿ ಹನ್ನೆರಡು ವರ್ಷಕ್ಕೆ, ತಂಡವು ಮೇಲಿನ ದರ್ಜೆಯಿಂದ ಕೆಳಗಿಳಿಯಿತು.

2001ರಲ್ಲಿ ಒಡೆಯರು ಬೇರೊಂದು ಯೋಜನೆಯನ್ನು ಹೊರತಂದರು. ಲಂಡನ್ನಿನ ಉತ್ತರಕ್ಕೆ ಮಿಲ್ಟನ್ ಕೀನ್ಸ್ ಎಂಬ ನಗರವಿದೆ. ಸರಕಾರವು 1967ರಲ್ಲಿ ಗುರುತುಮಾಡಿ ಕಟ್ಟಿಸಿದ ಹೊಸ ಊರು. ಎರಡು ಲಕ್ಷದಷ್ಟು ಜನವಿದ್ದರೂ ಅಲ್ಲಿ ವೃತ್ತಿಪರ ಕಾಲ್ಚೆಂಡಿನ ಸಂಘವೊಂದೂ ಇರಲಿಲ್ಲ. ಇತ್ತ ಅಂಗಳವಿಲ್ಲದ ಸಂಘ, ಅತ್ತ ಸಂಘವಿಲ್ಲದ ಊರು; ಎರಡನ್ನೂ ಜೋಡಿಸಿದರೆ ಆಯಿತಲ್ಲ ಎಂಬುದು ವಾದ. ಲೆಕ್ಕದ ಪುಸ್ತಕದಲ್ಲಿ ಇದು ಸರಿಯೇ. ಆದರೆ ನಡುವೆ 56 ಮೈಲಿಗಳ ದಾರಿ. ಲೀಗಿನ ಅಧಿಕಾರಿಗಳು ಮೊದಲು ಬೇಡವೆಂದರು. ವ್ಯಾಜ್ಯವು ಪಂಚಾಯಿತಿಗೆ ಹೋಗಿ, ಕೊನೆಗೆ ಮೂವರು ಸದಸ್ಯರ ಮಂಡಲಿಯ ಮುಂದೆ ಬಂದಿತು. 2002ನೆಯ ಮೇ 28ರಂದು ಇಬ್ಬರು ಹೌದೆಂದರು, ಒಬ್ಬರು ಅಲ್ಲವೆಂದರು. ಸಂಘವು ಊರು ಬಿಡಲು ಅಪ್ಪಣೆಯಾಯಿತು. ಅಭಿಮಾನಿಗಳು ವಿಂಬಲ್ಡನ್ನಿನಲ್ಲಿ ಮರಳಿ ಒಂದು ಸಂಘವನ್ನು ಕಟ್ಟುವುದು ಕಾಲ್ಚೆಂಡಿನ ವಿಶಾಲ ಹಿತಕ್ಕೆ ಅನುಗುಣವಲ್ಲವೆಂಬ ಮಾತೊಂದು ಆ ತೀರ್ಪಿನಲ್ಲಿ ಸೇರಿಕೊಂಡಿತ್ತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರಿಗೆ ಪಾಠ ಹೇಳಿದ ನನಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಮಾಡಬೇಡಿರೆಂದು ಇಷ್ಟು ಸ್ಪಷ್ಟವಾಗಿ ಹೇಳಿದರೆ ಯಾವ ತರಗತಿಯೂ ಸುಮ್ಮನೆ ಕೂರುವುದಿಲ್ಲ.

ಎರಡು ದಿನಗಳಲ್ಲಿಯೇ ಅಭಿಮಾನಿಗಳು ಸಭೆ ಸೇರಿದರು. ಮೇಲ್ಮನವಿಯೋ, ಇನ್ನೊಂದು ಹೋರಾಟವೋ ಎಂದು ಚರ್ಚೆ ನಡೆಯುತ್ತಿರಲು, ಮುಂದೆ ಹೊಸ ಸಂಘದ ಮೊದಲ ಅಧ್ಯಕ್ಷನಾದ ಕ್ರಿಸ್ ಸ್ಟುವರ್ಟ್ ಎಂಬವನು ಎದ್ದು, ಹೋರಾಡಿ ದಣಿದೆನು, ತನಗೀಗ ಬೇಕಾದುದು ಆಟ ನೋಡುವುದಷ್ಟೇ ಎಂದನು. ಮಾತು ನಾಟಿತು. ಜೂನ್ 29ರಂದು, ಪೂರ್ವಿಕರು ಆಡಿದ ಅದೇ ವಿಂಬಲ್ಡನ್ ಕಾಮನ್ ಬಯಲಿನಲ್ಲಿ, ಆಡಬಲ್ಲವರೆಲ್ಲರೂ ಬರಬಹುದೆಂದು ಡಂಗುರ ಹೊಯ್ಸಿದಂತೆ ಕರೆದರು. ಇನ್ನೂರಮೂವತ್ತರಷ್ಟು ಮಂದಿ ಬಂದರು. ಅವರಲ್ಲಿ ಆಯ್ದು ಒಂದು ತಂಡವಾಯಿತು, ಅದಕ್ಕೆ ಎ. ಎಫ್. ಸಿ. ವಿಂಬಲ್ಡನ್ ಎಂದು ಹೆಸರಾಯಿತು. ಜುಲೈ 10ರಂದು ಸಟ್ಟನ್ ಎಂಬಲ್ಲಿ ಮೊದಲ ಆಟ. ನಾಲ್ಕು ಗೋಲುಗಳಿಂದ ಸೋತರು. ಸೋಲನ್ನು ನೋಡಲು 4,657 ಜನ ಸೇರಿದ್ದರು.

ಆ ವರ್ಷ ಹೊಸ ತಂಡಕ್ಕೆ ದೊರೆತ ಸ್ಥಾನವು ಇಂಗ್ಲೆಂಡಿನ ಏಣಿಯಲ್ಲಿ ಒಂಬತ್ತನೆಯ ಮೆಟ್ಟಿಲು. ಬಡಗಿ, ಗುಮಾಸ್ತ, ಅಂಚೆಯವ ಆಡುವ ಮಟ್ಟ. ಅಲ್ಲಿ ಇವರ ಆಟಕ್ಕೆ ಸರಾಸರಿ ಮೂರು ಸಾವಿರ ಜನ ಬರುತ್ತಿದ್ದರು. ಇತ್ತ ಹಳೆಯ ಸಂಘವು ಲಂಡನ್ನಿನಲ್ಲಿಯೇ ಇನ್ನೂ ಕಾಲ ತಳ್ಳುತ್ತ, ಎರಡನೆಯ ಮೆಟ್ಟಿಲಿನಲ್ಲಿ ನಿಂತು ಆಡುತ್ತಿತ್ತು. ಅದರ ಒಂದು ಆಟಕ್ಕೆ ಆ ಅಕ್ಟೋಬರಿನಲ್ಲಿ ಬಂದವರು 849 ಮಂದಿ. ಹೆಸರು ಒಂದು ಕಡೆ, ಜನ ಇನ್ನೊಂದು ಕಡೆ. ದೇವದತ್ತನ ಪಂಚೆ, ಉತ್ತರೀಯ, ಮನೆಯ ಪತ್ರ ಎಲ್ಲವನ್ನೂ ಯಜ್ಞದತ್ತನಿಗೆ ಕೊಟ್ಟು, ದೇವದತ್ತನನ್ನು ಬೀದಿಗೆ ಬಿಟ್ಟಂತೆ.

ಹಳೆಯ ಸಂಘವು 2003ರಲ್ಲಿ ಸಾಲದಲ್ಲಿ ಮುಳುಗಿ, ಸೆಪ್ಟೆಂಬರಿನಲ್ಲಿ ಮಿಲ್ಟನ್ ಕೀನ್ಸಿಗೆ ಹೋಯಿತು. ಮರುವರ್ಷ ‘ಮಿಲ್ಟನ್ ಕೀನ್ಸ್ ಡಾನ್ಸ್’ ಎಂದು ಹೆಸರು ಬದಲಾಯಿತು. ಇಲ್ಲಿ ವೈಯಾಕರಣನು ಒಂದು ಮಾತು ಹೇಳದಿರಲಾರನು. ‘ಡನ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಗುಡ್ಡವೆಂಬ ಅರ್ಥದ ಶಬ್ದ. ವಿಂಬಲ್ಡನ್ನೆಂಬ ಹೆಸರಿನ ಬಾಲ. ಅದರಿಂದಲೇ ಆ ತಂಡಕ್ಕೆ ‘ಡಾನ್ಸ್’ ಎಂಬ ಮುದ್ದಿನ ಹೆಸರು. ಮಿಲ್ಟನ್ ಕೀನ್ಸಿನ ಹೆಸರಿನಲ್ಲಿ ಆ ಬಾಲವಿಲ್ಲ. ಪ್ರಕೃತಿಯನ್ನು ಬಿಟ್ಟು ಪ್ರತ್ಯಯವನ್ನು ಮಾತ್ರ ಹೊತ್ತುಕೊಂಡು ಹೋದಂತಾಯಿತು! ವಿಂಬಲ್ಡನ್ನಿನವರು ಈ ತಂಡವನ್ನು ‘ಫ್ರಾಂಚೈಸ್’ ಎಂದು ಹಳಿಯುವರು. ನಮ್ಮ ಕ್ರಿಕೆಟ್ಟಿನಲ್ಲಿ ಮರ್ಯಾದೆಯ ಮಾತಾಗಿರುವ ಶಬ್ದವು ಅಲ್ಲಿ ಬೈಗುಳ.

ಹಾಗಾದರೆ 1988ರ ಕಪ್ಪು ಯಾರದು? ಕಾಗದಪತ್ರಗಳ ಪ್ರಕಾರ ಲೀಗಿನ ಸ್ಥಾನವು ಉತ್ತರಾಧಿಕಾರವಾಗಿ ಬಂದುದು ಮಿಲ್ಟನ್ ಕೀನ್ಸಿಗೆ. ಹುಡುಗನೊಡನೆ ಒಂದೊಂದಾಗಿ ಎಣಿಸಿ ನೋಡಿದೆನು. ಸಂಘವೆಂದರೆ ಆಟಗಾರರೆ? ಅವರು ವರ್ಷವರ್ಷಕ್ಕೂ ಬದಲಾಗುವರು. ಒಡೆಯರೆ? ಅವರೂ ಬದಲಾದರು. ಹೆಸರೆ? 1905ಕ್ಕೆ ಮುಂಚೆ ಬೇರೆ ಹೆಸರಿತ್ತು. ಅಂಗಳವೆ? 1991ರಿಂದಲೇ ಇರಲಿಲ್ಲ. ಇವೊಂದೂ ಅಲ್ಲದಿದ್ದರೆ ಉಳಿದುದೇನು? ಶಾಸ್ತ್ರಕಾರರು ಪ್ರತ್ಯಭಿಜ್ಞೆಯ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿರುವರು. ‘ಅವನೇ ಇವನು’ ಎನ್ನಬೇಕಾದರೆ, ಅಂದು ನೋಡಿದವನೂ ಇಂದು ನೋಡುವವನೂ ಒಬ್ಬನೇ ಆಗಿರಬೇಕು. ನೋಡುವವನು ಬೇರೆಯಾದರೆ ಗುರುತಿಸುವಿಕೆ ಎಲ್ಲಿಯದು? ಹಳೆಯ ಅಂಗಳದಲ್ಲಿ ನಿಂತು ನೋಡಿದವರೇ ಹೊಸ ತಂಡದ ಬಳಿಗೆ ಬಂದು ‘ಅದೇ ಇದು’ ಎಂದರು. ನನಗೆ ಈ ಸಾಕ್ಷ್ಯವು ದಸ್ತಾವೇಜಿಗಿಂತ ಬಲವಾಗಿ ಕಾಣುವುದು. 2006ರಲ್ಲಿ ಅಭಿಮಾನಿಗಳ ಸಂಘಟನೆಗಳೊಡನೆ ಆದ ಒಪ್ಪಂದದಂತೆ, ಮಿಲ್ಟನ್ ಕೀನ್ಸಿನವರೇ 2004ಕ್ಕೆ ಹಿಂದಿನ ಇತಿಹಾಸವನ್ನು ತಮ್ಮದಲ್ಲವೆಂದು ಬಿಟ್ಟುಕೊಟ್ಟರು. ಹಳೆಯ ಪಾರಿತೋಷಕಗಳು 2007ರಲ್ಲಿ ವಿಂಬಲ್ಡನ್ನಿರುವ ಮರ್ಟನ್ ಪುರಸಭೆಯ ವಶಕ್ಕೆ ಬಂದುವು.

ಮಿಲ್ಟನ್ ಕೀನ್ಸಿನ ಮಕ್ಕಳ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅಲ್ಲಿ 2004ರ ಮೇಲೆ ಹುಟ್ಟಿದ ಕೂಸು ಯಾರ ಸಂಘವನ್ನೂ ಕದ್ದುದಲ್ಲ. ತಂದೆಯ ಕೈಹಿಡಿದು ಮೊದಲು ಕಂಡ ಅಂಗಳವೇ ಅದಕ್ಕೆ ತನ್ನದು. 2014ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿನಂಥ ತಂಡವನ್ನು ನಾಲ್ಕು ಗೋಲುಗಳಿಂದ ಸೋಲಿಸಿದ ರಾತ್ರಿ ಆ ಮಕ್ಕಳೂ ಕುಣಿದಿರಬೇಕು. ಡೆಲೆ ಆಲಿ ಎಂಬ ಅಲ್ಲಿಯ ಹುಡುಗನು ಅದೇ ಸಂಘದಲ್ಲಿ ಬೆಳೆದು ಇಂಗ್ಲೆಂಡಿನ ಪರವಾಗಿ ಆಡಿದನು. 2012ರ ಡಿಸೆಂಬರ್ 2ರಂದು ಕಪ್ಪಿನ ಪಂದ್ಯದಲ್ಲಿ ಈ ಎರಡು ಸಂಘಗಳೂ ಮೊದಲ ಸಲ ಎದುರುಬದುರಾದುವು. ಗೆದ್ದವರು ಮಿಲ್ಟನ್ ಕೀನ್ಸಿನವರು, ಎರಡಕ್ಕೆ ಒಂದರಂತೆ. ಧರ್ಮವು ಒಂದು ಪಕ್ಷದಲ್ಲಿದ್ದರೂ ಚೆಂಡು ಅದನ್ನು ಕೇಳುವುದಿಲ್ಲ.

ವಿಂಬಲ್ಡನ್ನಿನವರು ಏಣಿಯನ್ನು ಮತ್ತೆ ಹತ್ತಿದರು. 2003ರಿಂದ 2004ರ ತನಕ ಎಪ್ಪತ್ತೆಂಟು ಲೀಗ್ ಪಂದ್ಯಗಳನ್ನು ಸೋಲದೆ ಆಡಿದರು. 2011ರಲ್ಲಿ ಲೂಟನ್ ತಂಡವನ್ನು ಪೆನಾಲ್ಟಿಗಳಲ್ಲಿ ಹಿಮ್ಮೆಟ್ಟಿಸಿ ಫುಟ್‌ಬಾಲ್ ಲೀಗನ್ನು ಪ್ರವೇಶಿಸಿದರು. ಇದಕ್ಕೂ ಒಂಬತ್ತೇ ವರ್ಷ. ಸಂಘವನ್ನು ಅಭಿಮಾನಿಗಳದೇ ಒಂದು ಟ್ರಸ್ಟು ನಡೆಸುವುದು. ಸದಸ್ಯನಾದವನು ಎಷ್ಟು ಹಣವಂತನಾದರೂ ಅವನಿಗೊಂದೇ ಮತ. ನೇಗಿಲ ಬೀದಿಗೆ ಮರಳಬೇಕೆಂಬ ಹಂಬಲ ಮಾತ್ರ ಬಿಡಲಿಲ್ಲ. ಹಳೆಯ ಅಂಗಳದ ಜಾಗದಲ್ಲಿ ಆಗಲೇ ಮನೆಗಳೆದ್ದಿದ್ದುವು. ಅದರ ಸಮೀಪದಲ್ಲಿ, ನಾಯಿಗಳ ಓಟದ ಪಂದ್ಯ ನಡೆಯುತ್ತಿದ್ದ ನೆಲದಲ್ಲಿ, ಒಂಬತ್ತು ಸಾವಿರ ಜನ ಹಿಡಿಸುವ ಹೊಸ ಅಂಗಳವನ್ನು ಕಟ್ಟಿದರು. ದುಡ್ಡು ಸಾಲದೆ ಬರಲು, ಅಭಿಮಾನಿಗಳಿಗೆ ಸಾಲಪತ್ರಗಳನ್ನು ಮಾರಿ ಐವತ್ತು ಲಕ್ಷ ಪೌಂಡುಗಳಿಗೂ ಮಿಗಿಲಾಗಿ ಕೂಡಿಸಿದರು.

2020ನೆಯ ನವೆಂಬರ್ 3ರಂದು ಅಲ್ಲಿ ಮೊದಲ ಪಂದ್ಯ ನಡೆಯಿತು. ಇಪ್ಪತ್ತೊಂಬತ್ತು ವರ್ಷಗಳ ಮೇಲೆ ಮನೆಗೆ ಬಂದ ದಿನ. ಆದರೆ ಕೋವಿಡ್ ಮಾರಿಯ ಕಾಲವಾದುದರಿಂದ ಪ್ರೇಕ್ಷಕನೊಬ್ಬನಿಗೂ ಒಳಗೆ ಪ್ರವೇಶವಿರಲಿಲ್ಲ. ನೋಡುವವರೇ ಕಟ್ಟಿದ ಅಂಗಳದಲ್ಲಿ ನೋಡುವವರಿಲ್ಲದೆ ಆಟವಾಯಿತು. ಡಾಂಕಾಸ್ಟರ್ ತಂಡದೊಡನೆ ಎರಡೆರಡು ಗೋಲುಗಳ ಸಮ. ಸಂಘದ ಲಾಂಛನದಲ್ಲಿ ನಮ್ಮ ಗಂಡಭೇರುಂಡವನ್ನು ನೆನಪಿಗೆ ತರುವ ಎರಡು ತಲೆಯ ಹದ್ದೊಂದಿದೆ.

2024ರ ಸೆಪ್ಟೆಂಬರಿನಲ್ಲಿ ಮಗ್ಗುಲಲ್ಲಿ ಹರಿಯುವ ವಾಂಡಲ್ ನದಿಯು ಉಕ್ಕಿ, ಅಂಗಳದ ನಡುವೆ ನೆಲ ಕುಸಿದು ದೊಡ್ಡ ಹಳ್ಳ ಬಿದ್ದಿತು. ಮತ್ತೆ ಅಭಿಮಾನಿಗಳೇ ಚಂದಾ ಎತ್ತಿದರು. ಮರುವರ್ಷ ಮೇ 26ರಂದು ವೆಂಬ್ಲಿಯಲ್ಲಿ ವಾಲ್ಸಾಲ್ ತಂಡವನ್ನು ಒಂದು ಗೋಲಿನಿಂದ ಗೆದ್ದು ಒಂದು ದರ್ಜೆ ಮೇಲೇರಿದರು. ಇಷ್ಟನ್ನೂ ಕೇಳಿ ಮುಗಿಸಿದ ಹುಡುಗನು ತನ್ನ ಪುಸ್ತಕದಲ್ಲಿ ‘2002’ ಎಂದು ಬರೆದಿದ್ದುದನ್ನು ಅಳಿಸಿ ‘1889’ ಎಂದು ತಿದ್ದಿದನು. ತುಸು ಯೋಚಿಸಿ, ಅದರ ಪಕ್ಕದಲ್ಲಿ ‘2002’ ಎಂದು ಮತ್ತೆ ಬರೆದುಕೊಂಡನು.