ಸಾಲ್ಮನ್‌ಗೆ ಪ್ರಾಯ ಬರುವುದು ಯಾವಾಗ?

ನಾರ್ವೆ ಮತ್ತು ಫಿನ್ಲೆಂಡ್ ದೇಶಗಳ ಗಡಿಯಲ್ಲಿ ಟೆನೊ ಎಂಬ ನದಿ ಹರಿಯುತ್ತದೆ. ನಾರ್ವೆಯವರು ಅದನ್ನು ಟಾನಾ ಎನ್ನುತ್ತಾರೆ. 1928ರಲ್ಲಿ ಅಲ್ಲಿ ಗಾಳಕ್ಕೆ ಸಿಕ್ಕ ಅಟ್ಲಾಂಟಿಕ್ ಸಾಲ್ಮನ್ ಮೀನೊಂದು ಸುಮಾರು 36 ಕಿಲೋ ತೂಗಿತ್ತು. ಏಳನೇ ತರಗತಿಯ ಹುಡುಗನಷ್ಟು ಭಾರ! ಅದೇ ನದಿಗೆ ಬರುವ ಇನ್ನೊಂದು ಸಾಲ್ಮನ್ 2 ಕಿಲೋ ದಾಟದಿರಬಹುದು. ಜಾತಿ ಒಂದೇ, ಹೊಳೆಯೂ ಒಂದೇ. ಹಾಗಿದ್ದರೆ ಇಷ್ಟೊಂದು ವ್ಯತ್ಯಾಸವೇಕೆ?

ಅದು ಕಡಲಲ್ಲಿ ಕಳೆದ ಕಾಲದ ಲೆಕ್ಕ. ಸಾಲ್ಮನ್ ಹುಟ್ಟುವುದು ನದಿಯ ತಳದ ಜಲ್ಲಿಕಲ್ಲುಗಳ ನಡುವೆ. ಕೆಲವು ವರ್ಷ ಸಿಹಿನೀರಿನಲ್ಲಿ ಬೆಳೆದು, ಮೈಬಣ್ಣ ಬೆಳ್ಳಿಯಾಗಿ, ಸಮುದ್ರ ಸೇರುತ್ತದೆ. ಪ್ರಾಯಕ್ಕೆ ಬಂದಾಗ ಹುಟ್ಟಿದ ಹೊಳೆಗೇ ಮರಳುತ್ತದೆ. ಒಂದು ಚಳಿಗಾಲವನ್ನಷ್ಟೇ ಕಡಲಲ್ಲಿ ಕಳೆದ ಮೀನು 1ರಿಂದ 3 ಕಿಲೋ ತೂಗಿದರೆ, ಮೂರು ಚಳಿಗಾಲ ಕಂಡದ್ದು 10 ಕಿಲೋ ಮೀರಬಹುದು. ತಡಮಾಡಿದರೆ ಲಾಭವುಂಟು. ದೊಡ್ಡ ಹೆಣ್ಣು ಹೆಚ್ಚು ಮೊಟ್ಟೆಯಿಡುತ್ತದೆ, ದೊಡ್ಡ ಗಂಡು ಕಾದಾಟದಲ್ಲಿ ಗೆಲ್ಲುತ್ತದೆ. ಆದರೆ ಕಡಲಲ್ಲಿ ಉಳಿದಷ್ಟೂ ಸೀಲ್ ಪ್ರಾಣಿಯ ಬಾಯಿಗೋ ಬಲೆಗೋ ಬೀಳುವ ಭಯ ಇದ್ದೇ ಇದೆ. ಕೆಲವು ಗಂಡುಗಳಂತೂ ಕಡಲ ಮುಖವನ್ನೇ ನೋಡದೆ, ಗೇಣುದ್ದವಿರುವಾಗಲೇ ಪ್ರಾಯಕ್ಕೆ ಬಂದು, ದೊಡ್ಡ ಜೋಡಿಯ ಪಕ್ಕಕ್ಕೆ ನುಸುಳಿ ಮೊಟ್ಟೆಗಳನ್ನು ಫಲಗೊಳಿಸಿಬಿಡುತ್ತವೆ. ಕಳ್ಳಬುದ್ಧಿ ಎಂದು ಬೈಯುವಂತಿಲ್ಲ, ವಂಶ ಮುಂದುವರಿಯಲು ಅದೂ ಒಂದು ದಾರಿ.

ಬೇಗನೋ ತಡವೋ ಎಂಬುದನ್ನು ನಿರ್ಧರಿಸುವವರು ಯಾರು? 2015ರಲ್ಲಿ ವಿಜ್ಞಾನಿಗಳಿಗೆ ಒಂದು ಸುಳಿವು ಸಿಕ್ಕಿತು. ಸಾಲ್ಮನ್‌ನ 25ನೆಯ ವರ್ಣತಂತುವಿನಲ್ಲಿ ‘ವಿಜಿಎಲ್ಎಲ್3’ ಎಂಬ ವಂಶವಾಹಿಯಿದೆ. ಪ್ರಾಯಕ್ಕೆ ಬರುವ ವಯಸ್ಸಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಶೇಕಡಾ 39ರಷ್ಟು ಇದೊಂದರ ಪಾಲು! ಎತ್ತರದಂಥ ಗುಣಗಳಿಗೆ ನೂರಾರು ವಂಶವಾಹಿಗಳು ಚೂರುಪಾರು ಪಾಲು ಕೊಡುವುದೇ ವಾಡಿಕೆ. ಮನುಷ್ಯರು ಹರೆಯಕ್ಕೆ ಬರುವ ವಯಸ್ಸಿಗೂ ಇದೇ ವಂಶವಾಹಿಗೂ ನಂಟಿರುವುದು ಇನ್ನೊಂದು ಅಚ್ಚರಿ.

ಮೆಂಡೆಲನ ಬಟಾಣಿ ಗಿಡದ ಪಾಠ ನೆನಪಿರುವವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಈ ವಂಶವಾಹಿಯಲ್ಲಿ ‘ಬೇಗ’ ಮತ್ತು ‘ತಡ’ ಎಂಬ ಎರಡು ಬಗೆಗಳಿವೆ ಎನ್ನೋಣ. ಎರಡೂ ಒಂದೇ ಮೀನಿನಲ್ಲಿ ಸೇರಿದಾಗ ಯಾವುದು ಪ್ರಬಲ? ಗಂಡಾದರೆ ‘ಬೇಗ’ದ ಕೈ ಮೇಲು, ಹೆಣ್ಣಾದರೆ ‘ತಡ’ದ ಕಡೆಗೆ ವಾಲುತ್ತದೆ. ಹೆಚ್ಚು ಮೊಟ್ಟೆಯಿಡಬೇಕಾದ ಹೆಣ್ಣಿಗೆ ಮೈ ಬೆಳೆಯಲೇಬೇಕಲ್ಲ!

ಹಾಗೆಂದು ಎಲ್ಲವೂ ಹಣೆಬರಹವಲ್ಲ. ಉಳಿದ ಪಾಲಿನಲ್ಲಿ ಬೇರೆ ವಂಶವಾಹಿಗಳಿವೆ, ಪರಿಸರವೂ ಇದೆ. ಮೈಯಲ್ಲಿ ಸಾಕಷ್ಟು ಕೊಬ್ಬು ಕೂಡದೆ ಪ್ರಾಯ ಬರದು. ಎರಡು ಡಿಗ್ರಿಗೂ ಕಡಿಮೆ ಅಂತರವಿರುವ ಎರಡು ತೊಟ್ಟಿಗಳಲ್ಲಿ ಮೀನು ಸಾಕಿ ನೋಡಿದಾಗ, ಬೆಚ್ಚನೆಯ ನೀರಿನಲ್ಲಿ ಬೇಗ ಪ್ರಾಯಕ್ಕೆ ಬಂದ ಗಂಡುಗಳೇ ಬಹಳ ಹೆಚ್ಚು.

ಇನ್ನು ಟೆನೊ ನದಿಯ ಕಥೆ. ಮರದ ಕಾಂಡದಲ್ಲಿರುವಂತೆ ಮೀನಿನ ಹುರುಪೆಯಲ್ಲೂ ವಯಸ್ಸು ಹೇಳುವ ಉಂಗುರಗಳಿರುತ್ತವೆ. ಅಲ್ಲಿನ ಬೆಸ್ತರು 1970ರ ದಶಕದಿಂದ ಹುರುಪೆಗಳನ್ನು ಕಿತ್ತು ಸಂಶೋಧಕರಿಗೆ ಕೊಡುತ್ತ ಬಂದಿದ್ದಾರೆ. ಅವುಗಳಲ್ಲಿ ಉಳಿದಿದ್ದ ಡಿಎನ್ಎ ಪರೀಕ್ಷಿಸಿದಾಗ, 36 ವರ್ಷಗಳಲ್ಲಿ ‘ತಡ’ ಬಗೆಯ ಪಾಲು ಇಳಿದಿತ್ತು. ದೊಡ್ಡ ಮೀನುಗಳು ಕಡಿಮೆಯಾದದ್ದು ಬರೀ ಬೆಸ್ತರ ಗೊಣಗಾಟವಲ್ಲ.

ಬಲೆಯೇ ತಪ್ಪಿತಸ್ಥ ಎಂದು ಯಾರಿಗಾದರೂ ಅನಿಸೀತು. ಆದರೆ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನದಿಯ ಬಲೆಗಳು ‘ಬೇಗ’ ಬಗೆಯನ್ನೇ ಹೆಚ್ಚು ಹಿಡಿದಿದ್ದವು. ‘ತಡ’ ಬಗೆಗೆ ಪೆಟ್ಟು ಬಿದ್ದದ್ದು ದೂರದ ಕಡಲಲ್ಲಿ. ಅಲ್ಲಿ ಸಾಲ್ಮನ್ ತಿನ್ನುವ ಕ್ಯಾಪೆಲಿನ್ ಎಂಬ ಪುಟ್ಟ ಮೀನನ್ನು ಹಡಗುಗಟ್ಟಲೆ ಬಾಚಲಾಗುತ್ತಿತ್ತು. ಕಡಲಲ್ಲಿ ಹೆಚ್ಚು ವರ್ಷ ಉಳಿಯುವ ಮೀನಿಗೆ ತಾನೆ ಹಸಿವಿನ ಬಾಧೆ ಹೆಚ್ಚು? ಬಾಚಿದ ಕ್ಯಾಪೆಲಿನ್ ಹೋಗುವುದಾದರೂ ಎಲ್ಲಿಗೆ? ಒಂದು ಪಾಲು ಮೀನು ಸಾಕಣೆಯ ಕೊಳಗಳಿಗೆ, ಸಾಕಿದ ಸಾಲ್ಮನ್‌ಗೆ ಮೇವಾಗಿ!

ಮೀನಿನ ಸಂಖ್ಯೆ ತೀರ ಕುಸಿದ ಕಾರಣ 2021ರಲ್ಲಿ ಟೆನೊದಲ್ಲಿ ಸಾಲ್ಮನ್ ಹಿಡಿಯುವುದನ್ನು ನಿಲ್ಲಿಸಲಾಯಿತು. ತಲೆಮಾರುಗಳಿಂದ ಈ ಮೀನನ್ನು ನಂಬಿದ್ದ ಸಾಮಿ ಜನ ಬಲೆಗಳನ್ನು ಎತ್ತಿಡಬೇಕಾಯಿತು.